ಪ್ರಾಟ್, ಇಲಾನ್, ಫ್ಲೆಕ್ಸ್: ಧ್ವನಿಮುದ್ರಣವನ್ನು ಯಾವುದರಲ್ಲಿ ಬಿಡಿಸುವುದು?

ಭಾಷಾಶಾಸ್ತ್ರದ ಸ್ನಾತಕೋತ್ತರ ಪ್ರಬಂಧಕ್ಕೆ ಮಾತು ಮುದ್ರಿಸಿಕೊಂಡು, ಅದನ್ನು ಬರಹಕ್ಕಿಳಿಸಿ ಬಿಡಿಸಬೇಕಾದವರ ಎದುರು ಬರುವ ಈ ಮೂರು ತಂತ್ರಾಂಶಗಳೂ ಉಚಿತ. ಒಂದೇ ಮುದ್ರಣವನ್ನು ಮೂರಕ್ಕೂ ಹಾಕಿ ನೋಡಿದರೆ, ಇಲಾನ್‌ನಲ್ಲಿ ಶುರುಮಾಡಿದ ಕೆಲಸ ಸಲೀಸು. ಫ್ಲೆಕ್ಸ್‌ನಲ್ಲಿ ಶುರುಮಾಡಿದರೆ ಕಾಲದ ಗುರುತು ಹಾಕಲು ಮತ್ತೆ ಮೊದಲಿಗೆ ಬರಬೇಕು.

ನೈಮೇಗೆನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಹುಟ್ಟಿದ ಇಲಾನ್ ವಿಡಿಯೋವನ್ನೂ ತೋರಿಸುತ್ತದೆ. ಮೊದಲು ಸೆಗ್ಮೆಂಟೇಷನ್ ಮೋಡ್‌ನಲ್ಲಿ ಕೇಳುತ್ತ ತುಂಡು ಮಾಡಿ, ಆಮೇಲೆ ಟ್ರಾನ್ಸ್‌ಕ್ರಿಪ್ಷನ್ ಮೋಡ್‌ನಲ್ಲಿ ಬರೆಯಿರಿ. ಎರಡನ್ನೂ ಒಟ್ಟಿಗೆ ಮಾಡಲು ಹೋದರೆ ಎರಡೂ ನಿಧಾನ. ಜನ ಎಡವುವುದು ಟಿಯರ್‌ಗಳಲ್ಲಿ, ಅಂದರೆ ವಾಕ್ಯ, ಅನುವಾದ ಮುಂತಾದವನ್ನು ಬರೆಯುವ ಬೇರೆಬೇರೆ ಸಾಲುಗಳಲ್ಲಿ. ಅನುವಾದದ ಟಿಯರ್ ವಾಕ್ಯದ ಟಿಯರ್‌ನ ಮಗುವಾಗಿ, ಒಂದು ವಾಕ್ಯಕ್ಕೆ ಒಂದೇ ಅನುವಾದ ಕಟ್ಟುವ 'ಸಿಂಬಾಲಿಕ್ ಅಸೋಸಿಯೇಷನ್' ಬಗೆಯಲ್ಲಿ ಇರಬೇಕು. ಸ್ವತಂತ್ರವಾಗಿ ಬಿಟ್ಟರೆ ವಾಕ್ಯದ ಗಡಿ ಸರಿಸಿದಾಗ ಅನುವಾದ ಅಲ್ಲೇ ಉಳಿದುಬಿಡುತ್ತದೆ.

ಆದರೆ ಇಲಾನ್ ಕಾಲವನ್ನು ಪೂರ್ಣ ಮಿಲಿಸೆಕೆಂಡುಗಳಲ್ಲಷ್ಟೇ ಹಿಡಿಯುತ್ತದೆ. ವಾಕ್ಯಕ್ಕೆ ಧಾರಾಳ, ಸೂಕ್ಷ್ಮ ಧ್ವನಿ ಅಳತೆಗೆ ಒರಟು. ಅಲ್ಲಿ ಪ್ರಾಟ್‌ಗೆ ಸಾಟಿಯಿಲ್ಲ. ಫಾರ್ಮಂಟ್ (ಒಂದು ಸ್ವರವನ್ನು ಇನ್ನೊಂದರಿಂದ ಬೇರೆಮಾಡುವ ಅನುರಣನದ ಆವರ್ತನ) ಅಳೆಯುವಾಗ ಹುಡುಕಾಟದ ಮೇಲ್ಮಿತಿ ನೋಡಿಕೊಳ್ಳಿ: ಹೆಣ್ಣುದನಿಗೆ 5500 ಹರ್ಟ್ಜ್, ಗಂಡುದನಿಗೆ 5000. ಗಂಡುದನಿಯನ್ನು 5500ರಲ್ಲೇ ಬಿಟ್ಟರೆ 'ಊ'ದಂಥ ಸ್ವರದಲ್ಲಿ ಮೊದಲೆರಡು ಫಾರ್ಮಂಟ್‌ಗಳು ಒಂದಾಗಿ ಕಾಣುವ ಅಪಾಯವಿದೆ. ಕೋಷ್ಟಕದಲ್ಲಿ ಸಂಖ್ಯೆಯೇನೋ ಇರುತ್ತದೆ, ತಪ್ಪು ಸಂಖ್ಯೆ. ಪ್ರಾಟ್ ಗುರುತುಗಳನ್ನು ಇಡುವ ಟೆಕ್ಸ್ಟ್‌ಗ್ರಿಡ್ ಕಡತದಲ್ಲಿ ತಾಯಿ-ಮಗು ಟಿಯರ್ ಸಂಬಂಧವೇ ಇಲ್ಲ. ಇಲಾನ್‌ನಿಂದ ಅಲ್ಲಿಗೆ ಕಳಿಸಿ ವಾಪಸು ತಂದರೆ ಆ ಕಟ್ಟು ಬಿಚ್ಚಿಹೋಗಿರುತ್ತದೆ. ಹಾಗಾಗಿ ಅಳತೆಗೆ ಪ್ರತಿ ಕಳಿಸಿ, ಮೂಲವನ್ನು ಇಲಾನ್‌ನಲ್ಲೇ ಇಟ್ಟುಕೊಳ್ಳಿ.

ಪದ ಬಿಡಿಸಿ ಗ್ಲಾಸ್ (ಪ್ರತಿ ತುಂಡಿನ ಚುಟುಕು ಅರ್ಥ) ಕೊಡುವುದಕ್ಕೆ ಎಸ್‌ಐಎಲ್ ಎಂಬ ಭಾಷಾ ಸಂಸ್ಥೆಯ ಫ್ಲೆಕ್ಸ್. ಇಲ್ಲಿ ಪದಕೋಶವೂ ಪಠ್ಯವೂ ಒಂದಕ್ಕೊಂದು ಅಂಟಿಕೊಂಡಿವೆ: ಒಂದು ಪ್ರತ್ಯಯಕ್ಕೆ ಒಮ್ಮೆ ಗ್ಲಾಸ್ ಕೊಟ್ಟರೆ ಮುಂದಿನ ಸಲ ಅದೇ ಸೂಚಿಸುತ್ತದೆ. ಇಲಾನ್‌ನಲ್ಲಿ ಕೈಯಿಂದ ಟೈಪಿಸಿದ ಗ್ಲಾಸ್‌ಗಳು ನೂರು ವಾಕ್ಯ ದಾಟುವಷ್ಟರಲ್ಲಿ ಬಹುವಚನವೊಂದಕ್ಕೇ 'ಬಹು', 'ಬವ', 'ಬ.ವ.' ಎಂದು ಮೂರು ಬಗೆಯಾಗಿರುತ್ತವೆ.

ಕನ್ನಡದ ಪಠ್ಯವನ್ನೇ ಹಾಕುವವರು ಲಿಪಿಯಲ್ಲಿ ಮೋಸಹೋಗುತ್ತಾರೆ. 'ಮರಗಳಿಂದ' ಎಂಬುದು ಮರ-ಗಳ್-ಇಂದ. ಗಡಿ ಬೀಳುವುದು 'ಳಿ' ಎಂಬ ಅಕ್ಷರದ ಹೊಟ್ಟೆಯೊಳಗೆ. ಕನ್ನಡ ಲಿಪಿಯಲ್ಲಿ ಕತ್ತರಿಸಿದರೆ ಒಂದು ಕಡೆ 'ಳ' ತನ್ನ ಅಕಾರದೊಂದಿಗೆ ಉಳಿಯುತ್ತದೆ, ಇನ್ನೊಂದು ಕಡೆ ಗುಡಿಸು ಮಾತ್ರ ಅನಾಥ. ಬೇಸ್‌ಲೈನನ್ನು, ಅಂದರೆ ಫ್ಲೆಕ್ಸ್ ಬಿಡಿಸುವ ಮೂಲ ಸಾಲನ್ನು, ರೋಮನ್ ಲಿಪ್ಯಂತರದಲ್ಲೋ ಐಪಿಎಯಲ್ಲೋ (ಅಂತಾರಾಷ್ಟ್ರೀಯ ಧ್ವನಿಲಿಪಿ) ಇಟ್ಟು, ಕನ್ನಡ ಲಿಪಿಯನ್ನು ಬೇರೆ ಸಾಲಿನಲ್ಲಿ ತೋರಿಸುವುದೇ ದಾರಿ. ಇನ್ನೊಂದು: ಮರದಿಂದ, ಮನೆಯಿಂದ, ಮರಗಳಿಂದ. ಆಗಮದ ದಕಾರ, ಯಕಾರಗಳನ್ನು ಪ್ರತ್ಯಯಕ್ಕೆ ಸೇರಿಸುವುದಾದರೆ, -ದಿಂದ, -ಯಿಂದ, -ಇಂದ ಮೂರನ್ನೂ ಒಂದೇ ನಮೂದಿನ ಆಲೊಮಾರ್ಫ್‌ಗಳಾಗಿ (ಒಂದೇ ಪ್ರತ್ಯಯದ ರೂಪಭೇದಗಳಾಗಿ) ದಾಖಲಿಸಿ. ಅವಸರದಲ್ಲಿ ಹೊಸ ನಮೂದು ಮಾಡುತ್ತ ಹೋದರೆ ಒಂದೇ ವಿಭಕ್ತಿ ಪದಕೋಶದಲ್ಲಿ ಮೂರು ಕಡೆ ಕೂರುತ್ತದೆ.

ಇಲಾನ್‌ನಿಂದ ಫ್ಲೆಕ್ಸ್‌ಗೆ, ಅದು ಓದುವ ಫ್ಲೆಕ್ಸ್‌ಟೆಕ್ಸ್ಟ್ ಕಡತವಾಗಿ ಕಳಿಸುವ ಮುನ್ನ ಸಾಲಿನ ನಡುವಿನ ಪೂರ್ಣವಿರಾಮಗಳನ್ನು ತೆಗೆದುಹಾಕಿ. ಫ್ಲೆಕ್ಸ್ ಆ ಚಿಹ್ನೆ ಕಂಡಲ್ಲೆಲ್ಲ ವಾಕ್ಯ ಒಡೆಯುತ್ತದೆ. ಒಡೆದ ಸಾಲು ಇಲಾನ್‌ಗೆ ಮರಳಿದಾಗ ಕಾಲದ ಗುರುತಿಗೆ ಹೊಂದುವುದಿಲ್ಲ.