ಬಿಲ್ಲಿನಲ್ಲಿ ಹೆಸರಿಲ್ಲದ ಕಂಪನಿಗೆ ನನ್ನ ಮಾರ್ಕು

ಸಾಗರದ ಹತ್ತಿರ ನನ್ನದೊಂದು ಹಿಟ್ಟಿನ ಗಿರಣಿ ಇದೆ. ಎರಡು ಯಂತ್ರ. ಒಂದು ಅಕ್ಕಿ, ರಾಗಿ, ಗೋಧಿಗೆ. ಇನ್ನೊಂದು ಬರೀ ಮೆಣಸಿನಕಾಯಿಗೆ. ಕರೆಂಟು ನನಗೆ ಅಕ್ಕಿಗಿಂತ ದೊಡ್ಡ ಕಚ್ಚಾ ಸಾಮಾನು. ಹಾಗಾಗಿ ಅಂಗಡಿ, ಹೋಟೆಲಿಗೆಲ್ಲ ಜನ ವಿಮರ್ಶೆ ಬರೆಯುವಾಗ ನಾನು ಕರೆಂಟು ಮಾಡುವವರ ಬಗ್ಗೆ ಬರೆದರೆ ತಪ್ಪೇನಿಲ್ಲ, ಅಲ್ವಾ?

ಬಿಲ್ಲು ಕೊಡುವ ಕಂಪನಿ ಬೇರೆ, ಕರೆಂಟು ಹುಟ್ಟಿಸುವ ಕಂಪನಿ ಬೇರೆ. ಇದು ನನ್ನ ಗಿರಾಕಿಗಳಲ್ಲಿ ಅರ್ಧ ಜನಕ್ಕೆ ಗೊತ್ತಿಲ್ಲ. ಸಂಜೆ ವೋಲ್ಟೇಜ್ ಬಿದ್ದು ಮೋಟರು ನರಳಿದರೆ, ಮಳೆಗಾಲದಲ್ಲಿ ತಂತಿ ಮೇಲೆ ಕೊಂಬೆ ಬಿದ್ದು ಎರಡು ದಿನ ಗಿರಣಿ ಮುಚ್ಚಿದರೆ, ಅದು ತಂತಿ ನೋಡಿಕೊಳ್ಳುವವರ ಲೆಕ್ಕ. ಅವರ ಮೇಲೆ ನನ್ನ ದೂರು ಬೇಕಾದಷ್ಟಿದೆ, ಇನ್ನೊಂದು ದಿನ ನೋಡೋಣ. ಇವತ್ತಿನದು ಕರ್ನಾಟಕ ವಿದ್ಯುತ್ ನಿಗಮದ ಬಗ್ಗೆ. ನಮ್ಮ ಕಡೆ ಸುಮ್ನೆ ಕೆಪಿಸಿ ಎನ್ನುತ್ತಾರೆ. 1970ರಲ್ಲಿ ಶುರುವಾದ, ಪೂರ್ತಿ ಸರ್ಕಾರದ ಕಂಪನಿ. ರಾಯಚೂರು, ಬಳ್ಳಾರಿಯ ಕಲ್ಲಿದ್ದಲು ಘಟಕಗಳೂ ಅದರವೇ. ನಾನು ಹೇಳುವುದು ನೀರಿನ ಕರೆಂಟಿನ ವಿಷಯ ಮಾತ್ರ.

ಮೊದಲು ಒಂದು ಸಣ್ಣ ಲೆಕ್ಕ. ಶರಾವತಿ ವಿದ್ಯುದಾಗಾರದಲ್ಲಿ ಹತ್ತು ಯಂತ್ರ, ಒಂದೊಂದು 103.5 ಮೆಗಾವ್ಯಾಟ್. ಒಟ್ಟು 1,035. ಕಾಳಿ ಕಣಿವೆಯ ನಾಗಝರಿ, ವಾರಾಹಿ, ಆಲಮಟ್ಟಿ, 1902ರಿಂದ ತಿರುಗುತ್ತಿರುವ ಶಿವನಸಮುದ್ರ ಎಲ್ಲ ಸೇರಿದರೆ ಕೆಪಿಸಿಯ ಜಲವಿದ್ಯುತ್ ಸಾಮರ್ಥ್ಯ 3,600 ಮೆಗಾವ್ಯಾಟ್ ದಾಟುತ್ತದೆ. ದೇಶದ ಲೆಕ್ಕದಲ್ಲಿ ಇದು ಚಿಕ್ಕ ಪಾಲು. ದೊಡ್ಡ ಜಲವಿದ್ಯುತ್ ಕೇಂದ್ರಗಳನ್ನೆಲ್ಲ ಕೂಡಿಸಿದರೂ ಭಾರತದ ಒಟ್ಟು ಸಾಮರ್ಥ್ಯದ ಹತ್ತನೇ ಒಂದು ಭಾಗದ ಆಸುಪಾಸು. ದೇಶದ ಕರೆಂಟು ಕುಸಿಯದಂತೆ ಕಾಯುವುದು ನೀರೇ ಎನ್ನುತ್ತಾರಲ್ಲ, ಇಷ್ಟು ಚಿಕ್ಕ ಪಾಲಿಗೆ ಯಾಕಪ್ಪ ಇಷ್ಟು ಹೊಗಳಿಕೆ ಎಂದು ನನಗೂ ಅನ್ನಿಸುತ್ತಿತ್ತು.

ಉತ್ತರ ನನ್ನ ಗಿರಣಿಯಲ್ಲೇ ಇತ್ತು. ಮೇಲಿನ ಡಬ್ಬಕ್ಕೆ ಒಮ್ಮೆಲೇ ಜಾಸ್ತಿ ಅಕ್ಕಿ ಸುರಿದರೆ ಕಲ್ಲು ನಿಧಾನವಾಗುತ್ತದೆ, ಬೆಲ್ಟು ಕಿರುಗುಟ್ಟುತ್ತದೆ. ಅಕ್ಕಿ ಖಾಲಿಯಾದರೆ ಕಲ್ಲು ಹುಚ್ಚು ಹಿಡಿದಂತೆ ಓಡುತ್ತದೆ. ಅದಕ್ಕೇ ಒಂದು ಕೈ ಯಾವಾಗಲೂ ಅಕ್ಕಿ ಬಿಡುವ ತಗಡಿನ ಬಾಗಿಲ ಮೇಲೆ ಇರಬೇಕು. ದೇಶದ ಗ್ರಿಡ್ಡೂ, ಅಂದರೆ ಕರೆಂಟು ಮಾಡುವವರನ್ನೂ ಬಳಸುವವರನ್ನೂ ಜೋಡಿಸುವ ತಂತಿಜಾಲವೂ, ಹೀಗೆಯೇ. ಎಲ್ಲ ಯಂತ್ರಗಳೂ ಸೆಕೆಂಡಿಗೆ 50 ಆವರ್ತದ ಲಯದಲ್ಲಿ ಒಟ್ಟಿಗೆ ತಿರುಗಬೇಕು. ಸಂಜೆ ಏಳಕ್ಕೆ ಎಲ್ಲರ ಮನೆಯ ದೀಪ, ಮಿಕ್ಸಿ, ಗೀಜರ್ ಶುರುವಾದಾಗ ಆ ಲಯ ಕುಸಿಯಲು ನೋಡುತ್ತದೆ. ಆರಿದ ಕಲ್ಲಿದ್ದಲು ಬಾಯ್ಲರನ್ನು ಕಾಯಿಸಿ ಎಬ್ಬಿಸಲು ಗಂಟೆಗಟ್ಟಲೆ ಬೇಕು. ಸೂರ್ಯ ಅಷ್ಟರಲ್ಲಿ ಮುಳುಗಿರುತ್ತಾನೆ. ನೀರಿನ ಯಂತ್ರಕ್ಕೆ ಕೆಲವೇ ನಿಮಿಷ ಸಾಕು. ತಳಕಳಲೆ ಜಲಾಶಯದಿಂದ ನಾನೂರು ಮೀಟರಿಗೂ ಜಾಸ್ತಿ ಕೆಳಕ್ಕೆ ಕೊಳವೆಯಲ್ಲಿ ಇಳಿದ ನೀರು ಪೆಲ್ಟನ್ ಚಕ್ರದ ಬಟ್ಟಲುಗಳಿಗೆ ಬಡಿಯುತ್ತದೆ. ಕೊಳವೆಯ ಬಾಯಿ ತೆರೆದರೆ ಕರೆಂಟು, ಮುಚ್ಚಿದರೆ ಇಲ್ಲ. ಅಂದರೆ ದೇಶದ ಗಿರಣಿಯಲ್ಲಿ ತಗಡಿನ ಬಾಗಿಲ ಮೇಲೆ ಇರುವ ಕೈ ಇದೇ.

2020ರ ಏಪ್ರಿಲ್ 5ರ ರಾತ್ರಿ ಇದರ ಪರೀಕ್ಷೆ ಆಯಿತು. ಒಂಬತ್ತು ಗಂಟೆಗೆ ಒಂಬತ್ತು ನಿಮಿಷ ದೀಪ ಆರಿಸಿ ಎಂದು ಪ್ರಧಾನಿ ಹೇಳಿದ್ದರಲ್ಲ, ಅವತ್ತು. ನಾನೂ ಜಗುಲಿಯಲ್ಲಿ ಹಣತೆ ಹಚ್ಚಿ ಕೂತಿದ್ದೆ. ದೇಶದ ಬೇಡಿಕೆ ಸುಮಾರು 31,000 ಮೆಗಾವ್ಯಾಟ್ ಕುಸಿಯಿತು. ಆಮೇಲೆ ಎಲ್ಲರೂ ಸ್ವಿಚ್ ಹಾಕಿದಾಗ ಅಷ್ಟೇ ಬೇಗ ಏರಿತು. ಆ ಹೊತ್ತಿಗೆ ದೇಶದ ಜಲವಿದ್ಯುತ್ ಕೇಂದ್ರಗಳು ಸುಮಾರು 17,500 ಮೆಗಾವ್ಯಾಟ್ ಇಳಿಸಿ, ಮತ್ತೆ ಏರಿಸಿ ಗ್ರಿಡ್ ಉಳಿಸಿದವು. ಅದರ ಪಾಡಿಗೆ ನಮ್ಮ ಮನೆಯ ಫ್ಯಾನು ತಿರುಗುತ್ತಲೇ ಇತ್ತು.

ದಕ್ಷಿಣದ ಗ್ರಿಡ್ಡು ದೇಶದ ಉಳಿದ ಗ್ರಿಡ್ಡಿನ ಜೊತೆ ಒಂದಾಗಿದ್ದು 2013ರ ಡಿಸೆಂಬರ್ 31ಕ್ಕೆ, ರಾಯಚೂರು–ಸೋಲಾಪುರ ಲೈನಿನ ಮೂಲಕ. ಅದಕ್ಕೂ ಹಿಂದಿನ ವರ್ಷ ಜುಲೈನಲ್ಲಿ ಉತ್ತರ ಭಾರತ ಕತ್ತಲಲ್ಲಿ ಮುಳುಗಿದಾಗ ನಮಗೆ ಏನೂ ಆಗಲಿಲ್ಲ. ಈಗ ಎಲ್ಲರೂ ಒಂದೇ ಬೆಲ್ಟಿಗೆ ಸಿಕ್ಕಿಕೊಂಡಿದ್ದೇವೆ. ಶರಾವತಿಯ ನೀರು ದೆಹಲಿಯ ಲಯವನ್ನೂ ಹಿಡಿದಿರುತ್ತದೆ ಎಂದರೆ ನಮ್ಮ ಗಿರಾಕಿಗಳು ನಗುತ್ತಾರೆ. ನಗಲಿ.

ದರದ ವಿಷಯ ಹೆಚ್ಚು ಹೇಳಬೇಕಿಲ್ಲ. ನೀರಿಗೆ ಲಾರಿ ಬಾಡಿಗೆಯಿಲ್ಲ, ಗಣಿಯಿಲ್ಲ, ಕಟ್ಟಡದ ಸಾಲ ಎಂದೋ ತೀರಿದೆ. ಜೊತೆಗೆ ಒಂದೇ ನೀರಿಗೆ ಮೂರು ಸಲ ದುಡಿಮೆ: ಲಿಂಗನಮಕ್ಕಿ ಅಣೆಕಟ್ಟಿನ ಬುಡದಲ್ಲಿ ಒಮ್ಮೆ, ಶರಾವತಿ ವಿದ್ಯುದಾಗಾರದಲ್ಲಿ ಒಮ್ಮೆ, ಗೇರುಸೊಪ್ಪೆಯಲ್ಲಿ ಇನ್ನೊಮ್ಮೆ. ಕಬ್ಬಿನ ಗಾಣದವರೂ ಇಷ್ಟು ಹಿಂಡುವುದಿಲ್ಲ.

ಇನ್ನು ಮಾರ್ಕು ಕಳೆಯುವ ಜಾಗ. ಮಳೆ. ಲಿಂಗನಮಕ್ಕಿಯ ಪೂರ್ಣ ಮಟ್ಟ 1,819 ಅಡಿ. ಜೂನ್ ಬಂತೆಂದರೆ ನಮ್ಮ ಕಡೆ ಪೇಪರಿನಲ್ಲಿ ಮೊದಲು ನೋಡುವುದು ಇದನ್ನೇ, ಅಡಿಕೆ ರೇಟು ಆಮೇಲೆ. 1985ರಲ್ಲಿ ರಾಯಚೂರಿನ ಮೊದಲ ಘಟಕ ಶುರುವಾಗುವ ತನಕ ರಾಜ್ಯ ಹೆಚ್ಚುಕಮ್ಮಿ ನೀರನ್ನೇ ನಂಬಿತ್ತು. ಮಳೆ ಕೈಕೊಟ್ಟ ವರ್ಷ ಕಾರ್ಖಾನೆಗಳೂ ಬಾಗಿಲು ಹಾಕಬೇಕಿತ್ತು. ಈಗ ಸೋಲಾರು, ಗಾಳಿ, ಕಲ್ಲಿದ್ದಲು ಎಲ್ಲ ಇವೆ. ಆದರೂ 2023ರ ಬರದಲ್ಲಿ ಅಕ್ಟೋಬರಿಗೇ ರಾಜ್ಯ ಕರೆಂಟಿಗೆ ಪರದಾಡಿತು. 2016ರ ಫೆಬ್ರವರಿಯಲ್ಲಿ ಶರಾವತಿ ವಿದ್ಯುದಾಗಾರಕ್ಕೆ ಬೆಂಕಿ ಬಿದ್ದಾಗಲಂತೂ ಒಂದೇ ಕಟ್ಟಡವನ್ನು ಎಷ್ಟು ನೆಚ್ಚಿಕೊಂಡಿದ್ದೇವೆ ಎಂದು ಗೊತ್ತಾಯಿತು.

ಇನ್ನೊಂದು ಮಾರ್ಕು ಕಳೆಯುವುದು ಸುಲಭ, ಯಾರ ಹೆಸರಿಗೆ ಕಳೆಯಬೇಕು ಎನ್ನುವುದೇ ಕಷ್ಟ. ನಮ್ಮಜ್ಜನ ಗದ್ದೆ ಲಿಂಗನಮಕ್ಕಿ ಹಿನ್ನೀರಿನ ಕೆಳಗಿದೆ. ಅಣೆಕಟ್ಟು 1964ರದ್ದು, ಆಗ ಕೆಪಿಸಿ ಹುಟ್ಟಿರಲಿಲ್ಲ. ಲಾರಿ ಬಂತು, ಸಾಮಾನು ಹೇರಿಕೊಂಡು ಕಾಡಿನ ಅಂಚಿಗೆ ತಂದು ಇಳಿಸಿದರು ಎಂದು ಅಜ್ಜಿ ಹೇಳುತ್ತಿದ್ದರು. ಬೆಳಕಿಗಾಗಿ ಊರು ಬಿಟ್ಟವರ ಮನೆಯಲ್ಲಿ ಎಷ್ಟೋ ವರ್ಷ ಚಿಮಣಿ ಬುಡ್ಡಿಯೇ ಉರಿಯಿತು. ನಾನು ಆರನೇ ಕ್ಲಾಸು ಓದಿದ್ದು ಆ ಹೊಗೆಯಲ್ಲೇ. ಮುಳುಗಡೆಯವರಲ್ಲಿ ಎಷ್ಟೋ ಜನ ಭೂಮಿಯ ಹಕ್ಕುಪತ್ರಕ್ಕೆ ಇನ್ನೂ ಅಲೆಯುತ್ತಿದ್ದಾರೆ. ಹಿನ್ನೀರಿನ ಆಚೆಯ ಸಿಗಂದೂರಿಗೆ ಸೇತುವೆ ಆಗಿದ್ದು 2025ರ ಜುಲೈನಲ್ಲಿ. ಅಲ್ಲಿಯ ತನಕ ಆಚೆ ದಡದವರು ಕಾಯಿಲೆಯವರನ್ನೂ ಲಾಂಚಿಗೆ ಕಾದು ಕರೆತರಬೇಕಿತ್ತು.

ಈಗ ಅದೇ ಕಣಿವೆಯಲ್ಲಿ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ. ಕರೆಂಟು ಮಿಕ್ಕಾಗ ಗೇರುಸೊಪ್ಪೆಯ ನೀರನ್ನು ತಳಕಳಲೆಗೆ ಏರಿಸಿ, ಬೇಡಿಕೆ ಏರಿದಾಗ ಮತ್ತೆ ಬೀಳಿಸುವುದು. ಹಗಲಿನ ಸೋಲಾರ್ ಕರೆಂಟನ್ನು ರಾತ್ರಿಗೆ ಎತ್ತಿಡಲು ಇದಕ್ಕಿಂತ ದೊಡ್ಡ ಡಬ್ಬ ಇಲ್ಲ ಎನ್ನುವುದನ್ನು ಗಿರಣಿಯವನಾಗಿ ಒಪ್ಪುತ್ತೇನೆ. ಆದರೆ ಜಾಗ ಸಿಂಗಳೀಕದ ಅಭಯಾರಣ್ಯ. ಹೊಸ ಅಣೆಕಟ್ಟು ಬೇಡ, ಇರುವ ಎರಡೇ ಸಾಕು ಎನ್ನುತ್ತಾರೆ, ಸರಿ. ಸುರಂಗ, ರಸ್ತೆ, ಲೈನು? ಒಮ್ಮೆ ಮುಳುಗಿದ ಮನೆಯವನಿಗೆ "ಸ್ವಲ್ಪವೇ ಕಾಡು ಹೋಗುತ್ತದೆ" ಎಂಬ ಮಾತು ಕಿವಿಗೆ ಹಿತವಾಗುವುದಿಲ್ಲ.

ಕರೆಂಟಿಗೆ ಐದಕ್ಕೆ ನಾಲ್ಕೂವರೆ. ಕಣಿವೆಯ ಲೆಕ್ಕ ಸೇರಿಸಿದರೆ ಮೂರು. ನೋಡಲು ಬರುವವರಿಗೆ ಒಂದು ಮಾತು: ಜೋಗಕ್ಕೆ ಎಲ್ಲರೂ ಮಳೆಗಾಲದಲ್ಲೇ ಬರುತ್ತಾರೆ. ವಿದ್ಯುದಾಗಾರದೊಳಗೆ ಮುಂಚೆ ಅನುಮತಿ ಇಲ್ಲದೆ ಬಿಡುವುದಿಲ್ಲ, ಗೇಟಿನಲ್ಲಿ ವಾದ ಮಾಡಬೇಡಿ. ಸಾಧ್ಯವಾದರೆ ಮೇ ತಿಂಗಳಲ್ಲಿ ಒಮ್ಮೆ ಬನ್ನಿ. ಹಿನ್ನೀರು ಇಳಿದಾಗ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೆ ಏಳುತ್ತದೆ. ಹೊಸ ಅಣೆಕಟ್ಟಿಗಾಗಿ ಮುಳುಗಿದ ಹಳೆಯ ಅಣೆಕಟ್ಟು ಅದು. ಟೋಪಿ, ನೀರು ಎರಡೂ ಇರಲಿ. ಅಲ್ಲಿ ಒಂದು ಮರದ ನೆರಳೂ ಸಿಗುವುದಿಲ್ಲ.