ಹಬ್ ಲಾಕ್, ಡಿಫ್ ಲಾಕ್: ಒಂದೇ ಪಿಕಪ್‌ನಲ್ಲಿ ಎಲ್ಲ ಹಾಕಿ ನೋಡಿದ್ದು

ನಮ್ಮ ಮನೆಯಿಂದ ಟಾರು ರಸ್ತೆಗೆ ಎರಡು ಕಿಲೋಮೀಟರ್. ಮೂಡಿಗೆರೆ ಕಡೆಯ ತೋಟದ ದಾರಿ ಗೊತ್ತಲ್ಲ, ಆರಿದ್ರಾ ಮಳೆ ಹಿಡಿದರೆ ಅದು ದಾರಿ ಅಲ್ಲ, ಗದ್ದೆ. ಅದೇ ಗಾಡಿ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೂ ಹೋಗಬೇಕು. ಕೆಸರಿಗೊಂದು, ಟಾರಿಗೊಂದು ಅಂತ ಎರಡು ಗಾಡಿ ಇಡುವಷ್ಟು ಕಾಫಿ ನಮಗಿಲ್ಲ. ಇರುವ ಹಳೆ ಡೀಸೆಲ್ ಪಿಕಪ್ಪನ್ನೇ ಬಿಚ್ಚಿಸಿ, ಜೋಡಿಸಿ ನೋಡುತ್ತಾ ಬಂದೆ.

ಡಿಫರೆನ್ಷಿಯಲ್ ಅಂದರೆ ತಿರುವಿನಲ್ಲಿ ಚಕ್ರಗಳು ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಗೇರ್ ಜೋಡಣೆ. ಹಿಂದಿನ, ಮುಂದಿನ ಎಕ್ಸೆಲ್ ನಡುವೆ ಅಂಥದ್ದು, ಅಂದರೆ ಸೆಂಟರ್ ಡಿಫರೆನ್ಷಿಯಲ್, ಇದರಲ್ಲಿ ಇಲ್ಲ. ಫೋರ್‌ವೀಲ್ ಹಾಕಿದರೆ ಹಿಂದಿನ, ಮುಂದಿನ ಶಾಫ್ಟ್ ಎರಡೂ ಒಂದೇ ವೇಗದಲ್ಲಿ ಸುತ್ತಬೇಕು. ತಿರುವಿನಲ್ಲಿ ಮುಂದಿನ ಚಕ್ರಗಳಿಗೆ ದೂರ ಜಾಸ್ತಿ. ಕೆಸರಲ್ಲಾದರೆ ಚಕ್ರ ಜಾರಿಕೊಂಡು ಸರಿಹೋಗುತ್ತದೆ. ಒಣ ಟಾರಿನಲ್ಲಿ ಜಾರುವುದಿಲ್ಲ. ಸ್ಟಿಯರಿಂಗ್ ಬಿಗಿಯುತ್ತದೆ, ಫೋರ್‌ವೀಲ್ ಹಾಕುವ ಲಿವರ್ ಸಿಕ್ಕಿಕೊಳ್ಳುತ್ತದೆ. ಹಾಗಾದಾಗ ಲಿವರ್ ಎಳೆದಾಡಬೇಡಿ. ಸ್ವಲ್ಪ ದೂರ ನೇರ ರಿವರ್ಸ್ ತಗೊಳ್ಳಿ, ಸಾಮಾನ್ಯವಾಗಿ ಬಿಟ್ಟುಕೊಳ್ಳುತ್ತದೆ.

ಮೊದಲು ಹಬ್ ವಿಷಯ, ಅಂದರೆ ಮುಂದಿನ ಚಕ್ರವನ್ನು ಅದರ ಎಕ್ಸೆಲ್‌ಗೆ ಕೂಡಿಸುವ, ಬಿಡಿಸುವ ಕೊಂಡಿ. ಗಾಡಿ ಬಂದಾಗ ಆಟೋ ಹಬ್ ಇತ್ತು. ಇಳಿಯುವ ಕೆಲಸವಿಲ್ಲ, ಲಿವರ್ ಹಾಕಿದರೆ ಶಾಫ್ಟ್ ಸುತ್ತಿದ ಕೂಡಲೇ ತಾನೇ ಹಿಡಿದುಕೊಳ್ಳುತ್ತದೆ. ಕೇಳಲು ಚೆಂದ. ಆದರೆ ಹೂತುಕೊಂಡಾಗ ನಾವು ಮಾಡೋದೇನು? ಒಂದು ಸಲ ಮುಂದೆ, ಒಂದು ಸಲ ಹಿಂದೆ ಅಂತ ತೂಗಾಡಿಸುತ್ತೇವೆ. ಈ ಹಬ್ ದಿಕ್ಕು ಬದಲಾದಾಗಲೆಲ್ಲ ಒಮ್ಮೆ ಬಿಟ್ಟು ಮತ್ತೆ ಹಿಡಿಯುತ್ತಿತ್ತು. ಬಿಟ್ಟ ಆ ಗಳಿಗೆಯಲ್ಲಿ ಹಿಂದಿನ ಚಕ್ರ ಇನ್ನೊಂದು ಗೇಣು ಹೂತಿರುತ್ತಿತ್ತು.

ಸಿಟ್ಟಿಗೆ ಹಬ್ ಕಿತ್ತು, ಚಕ್ರ ಮತ್ತು ಎಕ್ಸೆಲ್ ಸದಾ ಕೂಡಿಯೇ ಇರುವ ಫಿಕ್ಸೆಡ್ ಫ್ಲಾಂಜ್ ಹಾಕಿಸಿದೆ. ಅದು ಕೈಕೊಟ್ಟಿದ್ದೇ ಇಲ್ಲ. ಆದರೆ ಟಾರಿನಲ್ಲೂ ಮುಂದಿನ ಎಕ್ಸೆಲ್, ಕ್ರೌನ್ (ಡಿಫರೆನ್ಷಿಯಲ್‌ನ ದೊಡ್ಡ ಹಲ್ಲಿನ ಚಕ್ರ), ಶಾಫ್ಟ್ ಎಲ್ಲ ಸುಮ್ನೆ ತಿರುಗುತ್ತಿರುತ್ತವೆ. ಅರವತ್ತು ದಾಟಿದರೆ ಕಾಲಡಿಯಲ್ಲಿ ಗುಂಯ್ ಅನ್ನುವ ಸದ್ದು. ಡೀಸೆಲ್ ಲೆಕ್ಕದಲ್ಲಿ ಅಂಥ ವ್ಯತ್ಯಾಸವೇನೂ ನನಗೆ ಕಾಣಲಿಲ್ಲ. ಸದ್ದು ಮಾತ್ರ ತಲೆ ತಿಂದಿತು.

ಕೊನೆಗೆ ಬಂದದ್ದು ಕೈಯಲ್ಲಿ ತಿರುಗಿಸುವ ಹಬ್. ಮಳೆಯಲ್ಲಿ ಇಳಿಯಬೇಕು, ಕಾಲಿಗೆ ಇಂಬಳ ಹತ್ತುತ್ತದೆ ಅಂತ ಎಲ್ಲರೂ ಮೂಗು ಮುರಿಯುತ್ತಾರೆ. ಅವರಿಗೆ ತಿಳಿಯದ ಸಂಗತಿ ಒಂದಿದೆ: ಹಬ್ ಲಾಕ್ ಆಗಿದ್ದರೂ ಲಿವರ್ ಟೂವೀಲ್‌ನಲ್ಲಿದ್ದರೆ ಟಾರಿನಲ್ಲಿ ಓಡಿಸಲು ಯಾವ ತೊಂದರೆಯೂ ಇಲ್ಲ. ಆಗ ಅದು ಫಿಕ್ಸೆಡ್ ಫ್ಲಾಂಜ್ ಇದ್ದ ಹಾಗೆ, ಅಷ್ಟೇ. ನಾನು ಆರಿದ್ರಾಕ್ಕೆ ಲಾಕ್ ಮಾಡಿದರೆ ಮಳೆ ಮುಗಿಯೋವರೆಗೆ ಮುಟ್ಟುವುದಿಲ್ಲ. ಘಾಟಿ ದಾಟಿ ದೂರ ಹೋಗುವ ದಿನ ಮಾತ್ರ ಫ್ರೀ. ಒಂದು ಸಲ ನಮ್ಮ ತೋಟದ ಲೆಕ್ಕ ನೋಡುವ ರೈಟರು ಎಡಗಡೆ ಲಾಕ್ ಮಾಡಿ ಬಲಗಡೆ ಮರೆತರು. ಒಂದೇ ಹಬ್ ಹಿಡಿದರೆ ಮುಂದಿನ ಡಿಫರೆನ್ಷಿಯಲ್ ಶಕ್ತಿಯೆಲ್ಲ ಫ್ರೀ ಇರುವ ಕಡೆ ಸುತ್ತಿ ಹೋಗುತ್ತದೆ, ಫೋರ್‌ವೀಲ್ ಇದ್ದೂ ಇಲ್ಲದ ಹಾಗೆ. ಈಗ ಎರಡೂ ಹಬ್ ಮೇಲೆ ಕೆಂಪು ಪೇಂಟಿನ ಗೆರೆ ಎಳೆದಿದ್ದೇನೆ. ಗೆರೆಗೆ ಗೆರೆ ಕೂಡಿದರೆ ಲಾಕ್.

ಹಿಂದಿನ ಹೌಸಿಂಗ್, ಅಂದರೆ ಹಿಂದಿನ ಡಿಫರೆನ್ಷಿಯಲ್ ಕೂರುವ ಪೆಟ್ಟಿಗೆಯ ಕಥೆ ಬೇರೆ. ಮೊದಲಿಗಿದ್ದದ್ದು ಕ್ಲಚ್ ಪ್ಲೇಟ್ ಇರುವ ಲಿಮಿಟೆಡ್ ಸ್ಲಿಪ್, ಒಂದೇ ಚಕ್ರ ಸುಮ್ನೆ ಸುತ್ತದಂತೆ ಸ್ವಲ್ಪ ತಡೆಯುವ ಡಿಫರೆನ್ಷಿಯಲ್. ಟಾರಿನಲ್ಲಿ ಇದರಷ್ಟು ಸಾಧು ಇನ್ನೊಂದಿಲ್ಲ. ಅದಕ್ಕೆ ಹೇಳಿದ ಆಯಿಲ್ಲೇ ಹಾಕಬೇಕು, ಅಷ್ಟೇ. ಆದರೆ ಒಂದು ಚಕ್ರ ಪೂರ್ತಿ ಗಾಳಿಯಲ್ಲಿ ನಿಂತರೆ ಇನ್ನೊಂದಕ್ಕೆ ಸಿಗುವ ಬಲ ಸಾಲದು. ಹ್ಯಾಂಡ್‌ಬ್ರೇಕ್ ಅರ್ಧ ಎಳೆದು ನೋಡಿ, ಒಮ್ಮೊಮ್ಮೆ ಗೆಲ್ಲುತ್ತದೆ.

ಆಮೇಲೆ ಒಂದು ಮಳೆಗಾಲ, ಎರಡೂ ಹಿಂದಿನ ಚಕ್ರವನ್ನು ತಾನೇ ಕೂಡಿಸುವ ಆಟೋ ಲಾಕರ್. ತೋಟದಲ್ಲಿ ರಾಕ್ಷಸ. ಹಳ್ಳದ ಏರಿನಲ್ಲಿ ಒಂದು ಚಕ್ರ ಎದ್ದರೂ ಕೇರ್ ಮಾಡದೆ ಹತ್ತುತ್ತಿತ್ತು. ಟಾರಿನ ತಿರುವಿನಲ್ಲಿ ಹಿಂದಿನಿಂದ ಟಕ್ ಟಕ್ ಟಕ್. ಸದ್ದು ಅಭ್ಯಾಸವಾಗುತ್ತದೆ ಬಿಡಿ. ಅಭ್ಯಾಸವಾಗದ್ದು ಚಾರ್ಮಾಡಿ. ಖಾಲಿ ಗಾಡಿ, ಸೋನೆ ಮಳೆ, ಹತ್ತುವಾಗ ಹೇರ್‌ಪಿನ್‌ನಲ್ಲಿ ಆಕ್ಸಿಲರೇಟರ್ ಒತ್ತಿದೆ. ಎರಡೂ ಹಿಂದಿನ ಚಕ್ರ ಒಟ್ಟಿಗೆ ಹಿಡಿದು ಬಾಲ ಹೊರಗೆ ಜಾರಿತು. ಎದುರಿಗೆ ಬಸ್ಸು ಇರಲಿಲ್ಲ, ಪುಣ್ಯ. ಮರುವಾರವೇ ಬಿಚ್ಚಿಸಿದೆ.

ಈಗಿರುವುದು ಏರ್ ಲಾಕರ್. ಸ್ವಿಚ್ ಒತ್ತಿದರೆ ಪುಟ್ಟ ಕಂಪ್ರೆಸರ್ ಗಾಳಿ ಕೊಟ್ಟು ಎರಡೂ ಚಕ್ರ ಕೂಡಿಸುತ್ತದೆ. ಆಫ್ ಮಾಡಿದರೆ ಮಾಮೂಲಿ ಡಿಫರೆನ್ಷಿಯಲ್. ಮೂರರಲ್ಲಿ ದುಬಾರಿ ಇದೇ. ತಾಪತ್ರಯವೂ ಇದೆ: ಸಣ್ಣ ಗಾಳಿ ಪೈಪು ಕಾಫಿ ಬೊಡ್ಡೆಗೆ ಸಿಕ್ಕಿ ಹರಿದು, ಬೇಕಾದ ದಿನವೇ ಲಾಕ್ ಆಗಲಿಲ್ಲ. ಆದರೂ ನನ್ನ ಓಟು ಇದಕ್ಕೇ. ಯಾವಾಗ ಹಿಡಿಯಬೇಕು, ಯಾವಾಗ ಬಿಡಬೇಕು ಅಂತ ಗಾಡಿ ತೀರ್ಮಾನಿಸುವುದು ನನಗೆ ಒಗ್ಗಲಿಲ್ಲ.

ಟೈರಿನ ಮಾತು ಚಿಕ್ಕದು. 235/75 ಆರ್ 15 ತೆಗೆದು 31 ಇಂಚಿನ ಮಡ್ ಟೈರ್ ಹಾಕಿ ನೋಡಿದೆ. ಎತ್ತರ ಸುಮಾರು ಶೇ. 7 ಜಾಸ್ತಿ. ಮೀಟರ್ 60 ತೋರಿಸಿದಾಗ ಓಟ 64. ಏರಿನಲ್ಲಿ ಒಂದು ಗೇರ್ ಇಳಿಸಲೇಬೇಕು, ಒದ್ದೆ ಟಾರಿನಲ್ಲಿ ಬ್ರೇಕ್ ಹಿಡಿತವೂ ಕಡಿಮೆ ಅನಿಸಿತು. ಹಳೆ ಸೈಜಿನ ಆಲ್ ಟೆರೈನ್‌ಗೇ ವಾಪಸ್ ಬಂದೆ. ಕೆಸರಿಗಿಳಿಯುವಾಗ ಗಾಳಿ 20 ಪಿಎಸ್‌ಐಗೆ ಇಳಿಸುತ್ತೇನೆ, ಟಾರು ಸಿಕ್ಕಿದ ಮೇಲೆ ತುಂಬಿಸುತ್ತೇನೆ. ಏರ್ ಲಾಕರಿನ ಕಂಪ್ರೆಸರ್ ಅದಕ್ಕೂ ಆಗುತ್ತದೆ.

ಗುಜರಿಯಿಂದ ಕ್ರೌನ್, ಅದನ್ನು ತಿರುಗಿಸುವ ಸಣ್ಣ ಪಿನಿಯನ್ ತರುವವರು ಹಲ್ಲು ಎಣಿಸಿ. 41ಕ್ಕೆ 9 ಅಂದ್ರೆ ಅನುಪಾತ 4.56, 39ಕ್ಕೆ 8 ಅಂದ್ರೆ 4.88. ಹಿಂದೊಂದು, ಮುಂದೊಂದು ಹಾಕಿ ಫೋರ್‌ವೀಲ್ ಎಳೆದರೆ ಹಿಂದೆ, ಮುಂದೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿಗೆ ತಿಥಿ.

ಮುಂದಕ್ಕೂ ಒಂದು ಏರ್ ಲಾಕರ್ ಹಾಕಿಸು ಅಂತ ಭಾವ ಹೇಳುತ್ತಿದ್ದಾರೆ. ಮುಂದಿನದು ಲಾಕ್ ಆದರೆ ಸ್ಟಿಯರಿಂಗ್ ತಿರುಗಿಸಿದರೂ ಗಾಡಿ ನೇರ ಹೋಗಲು ನೋಡುತ್ತದೆ. ನಮ್ಮ ತೋಟದಲ್ಲಿ ನೇರ ಹೋದರೆ ಸಿಗೋದು ಸಿಲ್ವರ್ ಓಕ್ ಮರ. ಆ ದುಡ್ಡಿಗೆ ದಾರಿಗೇ ನಾಲ್ಕು ಲೋಡ್ ಜಲ್ಲಿ ಹೊಡೆಸೋಣ ಅಂದೆ ಭಾವನಿಗೆ.