ಜಗಲಿಯ ಪೈಪಿಗೆ ಯಾವ ಹೊಗೆಸೊಪ್ಪು?

ದಿನಕ್ಕೆ ಒಂದೇ ಸಲ ಪೈಪು ತುಂಬುವುದೆಂದು ನಿರ್ಧರಿಸಿ ಆರು ವರ್ಷವಾಯಿತು. ಅದಕ್ಕೆ ಮುಂಚೆ ಬೆಳಗಿನ ಕಾಫಿಯ ನಂತರ ಒಂದು, ಊಟವಾದ ಮೇಲೆ ಒಂದು, ರಾತ್ರಿ ಒಂದು ಎಂದು ಮೂರು ಬಗೆಯ ಹೊಗೆಸೊಪ್ಪು ಇಟ್ಟುಕೊಂಡಿದ್ದೆ. ಯಾವುದು ಮೇಲು ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ. ಒಂದೇ ಎಂದಾದ ಮೇಲೆ ಆರಿಸಿಕೊಳ್ಳಲೇಬೇಕು. ಕಳೆದ ವರ್ಷ ಆಷಾಢದಲ್ಲಿ ಶುರು ಮಾಡಿ ದಸರೆಯವರೆಗೆ ನಾಲ್ಕು ಬಗೆಯನ್ನು ಸರದಿಯಂತೆ ಸೇದಿ ನೋಡಿದೆ. ಒಂದೊಂದಕ್ಕೂ ಇಪ್ಪತ್ತೆರಡು ಸಂಜೆ ಸಿಕ್ಕಿತು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ದಿನಕ್ಕೆ ಒಂದೇ ಎಂದ ಮಾತ್ರಕ್ಕೆ ಇದು ನಿರಪಾಯವಲ್ಲ. ಪೈಪಿನ ಹೊಗೆಯನ್ನು ಎದೆಗೆ ಎಳೆದುಕೊಳ್ಳದಿದ್ದರೂ ನಿಕೋಟಿನ್ ಬಾಯಿಯ ಒಳಪದರದ ಮೂಲಕವೇ ರಕ್ತಕ್ಕೆ ಸೇರುತ್ತದೆ. ಬಾಯಿಯ ಕ್ಯಾನ್ಸರು, ಗಂಟಲಿನ ಕ್ಯಾನ್ಸರು ಪೈಪಿನವರನ್ನೂ ಬಿಟ್ಟಿಲ್ಲ. ಸೇದದವರು ಇದನ್ನು ಓದಿ ಶುರು ಮಾಡಬಾರದು. ಮನೆಯೊಳಗೆ ನಾನು ಸೇದುವುದಿಲ್ಲ. ಮೊಮ್ಮಗಳು ಬಂದಿರುವ ದಿನಗಳಲ್ಲಿ ಜಗಲಿಯಲ್ಲಿಯೂ ಇಲ್ಲ.

ಸರಸ್ವತಿಪುರದ ಈ ಜಗಲಿಯಲ್ಲಿ ಸಂಜೆ ಆರಕ್ಕೆ ಸೇರುವವರು ಮೂವರು. ಎಂಜಿನಿಯರ್ ನೀರಾವರಿ ಇಲಾಖೆಯಿಂದ ನಿವೃತ್ತರಾದವರು. ಮಳೆಗಾಲದಲ್ಲಿ ಅವರ ಮೊದಲ ಮಾತು ಕನ್ನಂಬಾಡಿ ಕಟ್ಟೆಯ ಮಟ್ಟದ್ದೇ. 124.80 ಅಡಿ ತುಂಬಿದ ದಿನ ಮನೆಯಲ್ಲಿ ಹಬ್ಬವಾದಷ್ಟು ಹಿಗ್ಗುತ್ತಾರೆ. ಗೌಡರು ಪಿರಿಯಾಪಟ್ಟಣದ ಕಡೆಯವರು. ಮೊಮ್ಮಕ್ಕಳ ಓದಿಗಾಗಿ ಮೈಸೂರಿಗೆ ಬಂದರೂ ಪ್ರತಿ ಗುರುವಾರ ಊರಿಗೆ ಹೋಗಿ ಹೊಲ ನೋಡಿಕೊಂಡು ಬರುತ್ತಾರೆ. ಅವರ ಮನೆಯಲ್ಲಿ ಮೂರು ತಲೆಮಾರಿನಿಂದ ಹೊಗೆಸೊಪ್ಪಿನ ಬೇಸಾಯ. ಮಗನಿಗೆ ಈಗ ಶುಂಠಿಯ ಕಡೆ ಮನಸ್ಸು. ನಾನು ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದವನು, ಹುಟ್ಟಿದ್ದು ಹುಣಸೂರು ತಾಲ್ಲೂಕಿನಲ್ಲಿ. ನನ್ನ ಬಾಲ್ಯವೂ ಹೊಗೆಸೊಪ್ಪು ಬೇಯಿಸುವ ಮನೆಯ, ಅಂದರೆ ಬ್ಯಾರನ್ನಿನ ಪಕ್ಕದಲ್ಲಿಯೇ ಕಳೆಯಿತು.

ಹೋಲಿಕೆಗೆ ಹಳೆಯ ಬ್ರೈಯರ್ ಪೈಪುಗಳನ್ನು ಬಳಸಲಿಲ್ಲ. ಬ್ರೈಯರ್ ಎಂದರೆ ಮೆಡಿಟರೇನಿಯನ್ ತೀರದಲ್ಲಿ ಬೆಳೆಯುವ ಒಂದು ಪೊದೆಯ ಬುಡದ ಗಂಟು. ಗಟ್ಟಿ ಮರ, ಉರಿ ತಾಳಿಕೊಳ್ಳುತ್ತದೆ. ಆದರೆ ಒಮ್ಮೆ ಹಿಡಿದ ವಾಸನೆಯನ್ನು ತಿಂಗಳಾದರೂ ಬಿಡುವುದಿಲ್ಲ. ಸಾರು ಕುದಿಸಿದ ಪಾತ್ರೆಯಲ್ಲಿ ಹಾಲು ಕಾಯಿಸಿದರೆ ಹಾಲಿನ ರುಚಿ ಹೇಳುವುದು ಹೇಗೆ? ಅದಕ್ಕೆ ಒಂದೇ ಅಳತೆಯ ನಾಲ್ಕು ಜೋಳದ ದಿಂಡಿನ ಪೈಪು ತರಿಸಿದೆ. ಅಮೆರಿಕದ ಮಿಸ್ಸೌರಿ ರಾಜ್ಯದ ವಾಷಿಂಗ್ಟನ್ ಎಂಬ ಊರಿನಲ್ಲಿ 1869ರಿಂದ ಇವನ್ನು ಮಾಡುತ್ತಾ ಬಂದಿದ್ದಾರೆ. ಹಗುರ, ಅಗ್ಗ, ಹೊಸದಾಗಿರುವಾಗ ತುಸು ಜೋಳದ ರುಚಿ. ಐದಾರು ಸಲ ಸೇದಿದರೆ ಅದೂ ಹೋಗುತ್ತದೆ. ಒಂದೊಂದು ಪೈಪಿಗೆ ಒಂದೇ ಸೊಪ್ಪು. ಎಷ್ಟು ನಿಮಿಷ ಉರಿಯಿತು, ಎಷ್ಟು ಕಡ್ಡಿ ಗೀರಬೇಕಾಯಿತು ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟೆ.

ವೆನಿಲಾ ಹಾಕಿದ ಸೊಪ್ಪಿನ ವಿಷಯ ಬೇಗ ಮುಗಿಸುತ್ತೇನೆ. ಎಂಜಿನಿಯರ್ ಅವರ ಮಗ ಅಮೆರಿಕದಿಂದ ತಂದುಕೊಟ್ಟದ್ದು. ಎಲೆಗೆ ಆವಿ ಹಾಯಿಸಿ, ಒತ್ತಿ, ಸಿಹಿ ಮತ್ತು ಪರಿಮಳ ಬೆರೆಸುವ ಈ ಬಗೆಗೆ ಕ್ಯಾವೆಂಡಿಶ್ ಎನ್ನುತ್ತಾರೆ. ಬೀದಿಗೆಲ್ಲ ಇದೇ ಇಷ್ಟ. ಗೇಟಿನ ಬಳಿ ಹೂವಿನ ಬುಟ್ಟಿ ಇಳಿಸಿದ ಹೆಂಗಸು, "ಅಮ್ಮಾವರು ಕೇಕು ಮಾಡುತ್ತಿದ್ದಾರಾ ಸ್ವಾಮಿ?" ಎಂದು ಕೇಳಿದಳು. ಆದರೆ ಪಕ್ಕದವರ ಮೂಗಿಗೆ ಹೋಗುವ ಪರಿಮಳ ಸೇದುವವನ ಬಾಯಿಗೆ ಬರುವುದಿಲ್ಲ. ಬಾಯಿಗೆ ಬರುವುದು ಬಿಸಿ ಆವಿ. ಸೊಪ್ಪು ಸದಾ ತೇವ. ಪೈಪಿನ ಕೊಳವೆಯಲ್ಲಿ ನೀರು ಗೊರಗೊರ ಎನ್ನುತ್ತದೆ. ಇಪ್ಪತ್ತೈದು ನಿಮಿಷಕ್ಕೆ ನಾಲಿಗೆಯ ತುದಿ ಉರಿಯತೊಡಗುತ್ತದೆ. ಹತ್ತನೆಯ ಸಲಕ್ಕೇ ನನಗೆ ಸಾಕೆನಿಸಿತ್ತು. ಒಪ್ಪಿಕೊಂಡ ಲೆಕ್ಕಕ್ಕಾಗಿ ಇಪ್ಪತ್ತೆರಡು ಪೂರೈಸಿದೆ.

ಲಟಾಕಿಯಾ ಬೆರೆತ ಇಂಗ್ಲಿಷ್ ಮಿಶ್ರಣ ಎಂಜಿನಿಯರ್ ಅವರ ಪಕ್ಷ. ಲಟಾಕಿಯಾ ಸಿರಿಯಾದ ಬಂದರಿನ ಹೆಸರು. ಈಗ ಈ ಎಲೆ ಬರುವುದು ಸೈಪ್ರಸ್‌ನಿಂದ. ಎಲೆಯನ್ನು ಬಿಸಿಲಿನಲ್ಲಿ ಒಣಗಿಸಿ, ಆಮೇಲೆ ಪರಿಮಳದ ಕಟ್ಟಿಗೆ ಮತ್ತು ಪೊದೆಗಳ ಹೊಗೆಗೆ ನೇತುಹಾಕುತ್ತಾರೆ. ಕಡುಕಪ್ಪಾಗುತ್ತದೆ. ನಾವು ಸೇದಿದ್ದು ನೈಟ್‌ಕ್ಯಾಪ್. ಡನ್‌ಹಿಲ್ ಹೆಸರಿನಲ್ಲಿ ಬಹಳ ಕಾಲ ಬರುತ್ತಿದ್ದು, ಆ ಹೆಸರಿನ ಪೈಪು ಹೊಗೆಸೊಪ್ಪು 2018ರಲ್ಲಿ ನಿಂತ ಮೇಲೆ ಈಗ ಪೀಟರ್ಸನ್ ಹೆಸರಿನಲ್ಲಿ ಸಿಗುತ್ತದೆ. ಇದರಲ್ಲಿ ಪೆರೀಕ್ ಎಂಬ ಎಲೆಯೂ ಸ್ವಲ್ಪ ಇದೆ. ಅದು ಲೂಯಿಸಿಯಾನಾದ ಸೇಂಟ್ ಜೇಮ್ಸ್ ಸೀಮೆಯದು. ಪೀಪಾಯಿಯೊಳಗೆ ಅದುಮಿಟ್ಟು ತಿಂಗಳುಗಟ್ಟಲೆ ಹುಳಿ ಬರಿಸುತ್ತಾರೆ. ಹಳೆಯ ಹುಣಸೆಹಣ್ಣಿನ, ಒಣದ್ರಾಕ್ಷಿಯ ನೆನಪು ತರುತ್ತದೆ.

ಡಬ್ಬಿ ತೆರೆದರೆ ಒಲೆಯ ಮೇಲಿನ ಅಟ್ಟದ ವಾಸನೆ. ಮಸಿ ಹಿಡಿದ ಜಂತೆ, ಹೊಗೆ ಕುಡಿದ ಹಗ್ಗ, ತುಸು ಧೂಪ. ಕಡ್ಡಿ ತೋರಿಸಿದರೆ ಹತ್ತಿಕೊಳ್ಳುತ್ತದೆ, ಮೂರು ಕಡ್ಡಿಗೆ ನಲವತ್ತೈದು ನಿಮಿಷ, ಕೊನೆಯವರೆಗೂ ಒಣ ಬೂದಿ. ಜಡಿಮಳೆಯ ಸಂಜೆ, ಕರೆಂಟು ಹೋಗಿ ಬೀದಿಯೆಲ್ಲ ಕತ್ತಲಾಗಿರುವಾಗ ಇದಕ್ಕೆ ಸಾಟಿಯಿಲ್ಲ. ಆ ರಾತ್ರಿಗಳಲ್ಲಿ ಎಂಜಿನಿಯರ್ ಮಾತಾಡುವುದೇ ಇಲ್ಲ. ಸುಮ್ಮನೆ ಮಳೆ ಕೇಳುತ್ತಾರೆ. ಆದರೆ ಮನೆಯವರಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. "ಸೀರೆ ಒಣಹಾಕಿದ್ದೇನೆ, ಆ ತುದಿಗೆ ಹೋಗಿ ಕುಳಿತುಕೊಳ್ಳಿ" ಎಂದು ಎರಡು ಸಲ ಹೇಳಿದರು. ನನ್ನ ತಕರಾರು ಬೇರೆ. ಹೊಗೆಯ ಗಡಸು ಎಲೆಯ ಗುಣವನ್ನು ಮುಚ್ಚಿಬಿಡುತ್ತದೆ. ಮೊದಲ ಐದು ನಿಮಿಷದಲ್ಲಿ ಏನು ಸಿಕ್ಕಿತೋ ಕೊನೆಯ ಐದು ನಿಮಿಷದಲ್ಲಿಯೂ ಅದೇ. ಬಿಸಿಲಿನ ಸಂಜೆಗೆ ಭಾರ.

ಇನ್ನು ನನ್ನ ಪಕ್ಷ, ವರ್ಜೀನಿಯಾ ಫ್ಲೇಕ್. ಇಂಗ್ಲೆಂಡಿನ ಕೆಂಡಲ್ ಊರಿನಲ್ಲಿ 1792ರಲ್ಲಿ ಹುಟ್ಟಿದ ಸ್ಯಾಮ್ಯುಯೆಲ್ ಗಾವಿತ್ ಮನೆತನದ ಫುಲ್ ವರ್ಜೀನಿಯಾ ಫ್ಲೇಕ್. ಎಲೆಗಳನ್ನು ಹಲಗೆಯಂತೆ ಒತ್ತಿ, ಬಿಸಿ ಕೊಟ್ಟು, ಆಮೇಲೆ ತೆಳುವಾಗಿ ಸೀಳಿದ ಪಟ್ಟಿಗಳಿವು. ಹಳೆಯ ಹುಣಸೆಯಂತೆ ಕಂದು ಬಣ್ಣ, ಮುಟ್ಟಿದರೆ ತಣ್ಣಗೆ.

ಇದಕ್ಕೆ ತಾಳ್ಮೆ ಬೇಕು. ಐದು ಗಂಟೆಗೆ ಒಂದು ಪಟ್ಟಿಯನ್ನು ಸ್ಟೀಲ್ ತಟ್ಟೆಯಲ್ಲಿಟ್ಟು ಗಾಳಿಗೆ ಬಿಡುತ್ತೇನೆ. ಮಳೆಗಾಲದಲ್ಲಿ ಇನ್ನೂ ಅರ್ಧ ಗಂಟೆ ಮೊದಲು. ಬೆರಳಿಗೆ ಅಂಟದ, ಮಡಿಸಿದರೆ ಮುರಿಯದ ಹದ ಬರಬೇಕು. ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ ಮಡಿಸಿ, ಅಂಗೈ ನಡುವೆ ಬತ್ತಿ ಹೊಸೆದ ಹಾಗೆ ಹೊಸೆದು ಪೈಪಿನ ಬಟ್ಟಲಿಗೆ ಇಳಿಸಬೇಕು. ಮೊದಲ ಕಡ್ಡಿಗೆ ಮೇಲಿನ ಪದರ ಎಣ್ಣೆಗೆ ಬಿದ್ದ ಹಪ್ಪಳದಂತೆ ಉಬ್ಬಿ ಏಳುತ್ತದೆ. ಅದನ್ನು ಮೆಲ್ಲಗೆ ಅದುಮಿ ಎರಡನೆಯ ಕಡ್ಡಿ. ಆಮೇಲೆ ಗುಟುಕು ಗುಟುಕಾಗಿ ಎಳೆಯಬೇಕು. ಅವಸರಿಸಿದರೆ ಆ ಕ್ಷಣವೇ ನಾಲಿಗೆ ಕಚ್ಚುತ್ತದೆ. ಕ್ಯಾಲೆಂಡರಿನ ಲೆಕ್ಕದಲ್ಲಿ ಸರಾಸರಿ ಆರು ಕಡ್ಡಿ, ಒಂದು ಗಂಟೆ. ಆರು ಕಡ್ಡಿ ಎಂದರೆ ಎಂಜಿನಿಯರ್ ಅವರಿಗೆ ಕೊರತೆ; ನನಗಲ್ಲ. ನಂದಿದಾಗ ಪೈಪನ್ನು ಮಡಿಲಲ್ಲಿಟ್ಟುಕೊಂಡು ಮಾತಾಡಬಹುದು.

ಮೊದಲ ಕಾಲು ಗಂಟೆ ಒಣಹುಲ್ಲಿನ ರುಚಿ. ಅರ್ಧ ಗಂಟೆಯ ಹೊತ್ತಿಗೆ ಸಿಹಿ ಮೇಲೆ ಬರುತ್ತದೆ. ಮಂಡ್ಯದ ರಸ್ತೆಯಲ್ಲಿ ಸಂಜೆ ಬಸ್ಸಿನ ಕಿಟಕಿಗೆ ಆಲೆಮನೆಯ ಘಮ ಬಡಿಯುತ್ತದಲ್ಲ, ಕೊಪ್ಪರಿಗೆಯಲ್ಲಿ ಪಾಕ ಬೆಲ್ಲವಾಗುವ ಮೊದಲಿನ ಹೊತ್ತಿನದು, ಅದೇ. ಹೊರಗಿನಿಂದ ಸುರಿದ ಸಿಹಿಯಲ್ಲ, ಎಲೆಯೊಳಗಿನದು.

ಆ ಸಿಹಿ ಎಲ್ಲಿಂದ ಬರುತ್ತದೆ ಎಂದು ನಾನು ಪುಸ್ತಕ ಓದಿ ತಿಳಿಯುವ ಮೊದಲೇ ಮೂಗಿನಿಂದ ತಿಳಿದಿದ್ದೆ. ವರ್ಜೀನಿಯಾ ಎಲೆಯನ್ನು ಹೊಗೆ ತಾಗಿಸದೆ, ಕೊಳವೆಯಲ್ಲಿ ಹಾಯುವ ಬಿಸಿಯಿಂದ ಬ್ಯಾರನ್ನಿನಲ್ಲಿ ಬೇಯಿಸುತ್ತಾರೆ. ಮೊದಲ ಎರಡು ದಿನ ಬಿಸಿ 40 ಡಿಗ್ರಿ ದಾಟಕೂಡದು. ಆಗಲೇ ಹಸಿರು ಹೋಗಿ ಹಳದಿ ತಿರುಗುವುದು, ಎಲೆಯ ಪಿಷ್ಟ ಸಕ್ಕರೆಯಾಗುವುದು. ಆಮೇಲೆ ಉರಿ ಏರಿಸಿ ಎಲೆ ಒಣಗಿಸಿ, ಕೊನೆಗೆ 70 ಡಿಗ್ರಿಯ ಹತ್ತಿರ ಒಯ್ದು ನಡುದಂಟನ್ನು ಒಣಗಿಸುತ್ತಾರೆ. ವಾರದ ಕೆಲಸ. ಗಾಳಿಯಲ್ಲಿ ವಾರಗಟ್ಟಲೆ ಒಣಗಿಸುವ ಬರ್ಲಿ ಎಲೆಯಲ್ಲಿ ಈ ಸಕ್ಕರೆ ಉಳಿಯುವುದಿಲ್ಲ. ನಮ್ಮ ತಂದೆ ರಾತ್ರಿಯಿಡೀ ಒಲೆಗೆ ಸೌದೆ ನೂಕುತ್ತಾ, ಗಂಟೆಗೊಮ್ಮೆ ಕಿಟಕಿಯ ಗಾಜಿಗೆ ಟಾರ್ಚು ಹಿಡಿದು ಒಳಗಿನ ಥರ್ಮಾಮೀಟರ್ ನೋಡುತ್ತಿದ್ದರು. ಕೆಂಡದಲ್ಲಿ ನಮಗಾಗಿ ಗೆಣಸು ಹೂತಿಟ್ಟಿರುತ್ತಿದ್ದರು. ಎರಡನೆಯ ರಾತ್ರಿ ಬಾಗಿಲ ಸಂದಿಯಿಂದ ಬರುತ್ತಿದ್ದ ಘಮವನ್ನು ಇಷ್ಟು ವರ್ಷ ಪ್ರತಿಯೊಂದು ಡಬ್ಬಿಯಲ್ಲಿಯೂ ಹುಡುಕಿದ್ದೇನೆ. ಆ ಒಲೆಗಳು ತಿಂದ ಮರಗಳ ಲೆಕ್ಕ ನೆನೆದರೆ ಸಂಕಟವಾಗುತ್ತದೆ. ಒಂದು ಕಿಲೋ ಸೊಪ್ಪಿಗೆ ಹಲವು ಕಿಲೋ ಸೌದೆ. ಗೌಡರೂ ಇದನ್ನು ಅಲ್ಲಗಳೆಯುವುದಿಲ್ಲ.

ಅವರ ಪ್ರಶ್ನೆ ಒಂದೇ. "ಮೇಷ್ಟ್ರೇ, ಹುಣಸೂರು, ಪಿರಿಯಾಪಟ್ಟಣದಲ್ಲಿ ಬೆಳೆಯುವುದೂ ವರ್ಜೀನಿಯಾನೇ. ಮನೆಯ ಬಾಗಿಲಲ್ಲಿ ಎಲೆ ಇಟ್ಟುಕೊಂಡು ಇಂಗ್ಲೆಂಡಿನಿಂದ ಏಕೆ ತರಿಸುತ್ತೀರಿ?" ಹೌದಲ್ಲವೇ? ಹೀಗೆ ನಾಲ್ಕನೆಯದಾಗಿ ಸೇರಿದ್ದು ಗೌಡರ ಬ್ಯಾರನ್ನಿನ ಎಲೆ. ಕಟ್ಟೆಮಳಲವಾಡಿಯ ಹರಾಜು ಮಾರುಕಟ್ಟೆಯಲ್ಲಿ ಇಂಥ ಎಲೆಯನ್ನು ನೋಡಿದವರಿಗೆ ಗೊತ್ತು, ನಿಂಬೆಹಣ್ಣಿನ ಬಣ್ಣ, ಕೈಯಲ್ಲಿ ಹಿಡಿದರೆ ರೇಷ್ಮೆ. ನಡುದಂಟು ತೆಗೆದು ಈಳಿಗೆಮಣೆಯಲ್ಲಿ ಸಣ್ಣಗೆ ಹೆಚ್ಚಿದೆ.

ಮೊದಲ ಸಂಜೆ ಮೂವರಿಗೂ ಕೆಮ್ಮು ಬಂತು. ಒಣ ಎಲೆ ಧಗ್ಗೆಂದು ಉರಿದು ಇಪ್ಪತ್ತು ನಿಮಿಷಕ್ಕೆ ಮುಗಿಯಿತು. ಗಂಟಲಿಗೆ ಚುರುಕು, ಬಾಯಲ್ಲಿ ಹಸಿ ವಗರು. ಗೌಡರ ಮುಖ ಸಣ್ಣದಾಯಿತು. ಎಲೆಯದು ತಪ್ಪಲ್ಲ. ಬ್ಯಾರನ್ನಿನಿಂದ ಇಳಿದ ಎಲೆ ವರ್ಷ, ಎರಡು ವರ್ಷ ಮಾಗಬೇಕು. ಹೊಸ ಅಕ್ಕಿಗೂ ಹಳೆಯ ಅಕ್ಕಿಗೂ ಇರುವ ಅಂತರ ಮಂಡ್ಯ, ಮೈಸೂರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಎಂಜಿನಿಯರ್ ಒಂದು ಉಪಾಯ ಮಾಡಿದರು. ಎಲೆಗೆ ನೀರು ಚಿಮುಕಿಸಿ, ಎರಡು ತೇಗದ ಹಲಗೆಗಳ ನಡುವೆ ಇಟ್ಟು, ಬಡಗಿಯ ಕ್ಲಾಂಪಿನಿಂದ ಬಿಗಿದು ಹದಿನೈದು ದಿನ ಬಿಟ್ಟೆವು. ಬಿಚ್ಚಿದಾಗ ನಿಂಬೆ ಬಣ್ಣ ಜೇನಿನ ಬಣ್ಣಕ್ಕೆ ತಿರುಗಿತ್ತು. ಸೀಳಿ ಸೇದಿದರೆ ಮೂವತ್ತೈದು ನಿಮಿಷ ಉರಿಯಿತು, ಕೆಮ್ಮು ಬರಲಿಲ್ಲ. ಕೊನೆಯ ಹತ್ತು ನಿಮಿಷ ನನಗೆ ಬೇಕಾದದ್ದರ ಸುಳಿವು ಇತ್ತು. ಸುಳಿವು ಮಾತ್ರ.

ಹಾಗಾಗಿ ನನ್ನ ದಿನದ ಪೈಪಿಗೆ ಫ್ಲೇಕ್ ಉಳಿಯಿತು. ಶನಿವಾರ ಮಳೆಯಾದರೆ ಎಂಜಿನಿಯರ್ ಅವರ ಡಬ್ಬಿಯಿಂದ ಒಂದು ಚಿಟಿಕೆ ಕೇಳಿ ತೆಗೆದುಕೊಳ್ಳುತ್ತೇನೆ. ವೆನಿಲಾ ಡಬ್ಬಿ ಅವರ ಮನೆಗೇ ಹಿಂದಿರುಗಿತು.

ಗೌಡರ ಎಲೆಯನ್ನು ಮತ್ತೆ ಒತ್ತಿ, ಮೂರು ಗಾಜಿನ ಜಾಡಿಗಳಿಗೆ ತುಂಬಿ, ಮುಚ್ಚಳದ ಮೇಲೆ ತಾರೀಕು ಬರೆದು ಅಲಮಾರಿಯ ಕೆಳಗಿನ ಅರೆಯಲ್ಲಿ ಇಟ್ಟಿದ್ದೇವೆ. ಗುರುವಾರ ಊರಿನಿಂದ ಬಂದವರೇ ಅವರು ಮೊದಲು ಅಲಮಾರಿ ತೆರೆದು, ಜಾಡಿಯನ್ನು ಬೆಳಕಿಗೆ ಹಿಡಿದು ಬಣ್ಣ ನೋಡುತ್ತಾರೆ. ಕಳೆದ ವಾರ ಒಂದರ ಮುಚ್ಚಳ ತೆಗೆದು ನನ್ನ ಮೂಗಿನ ಹತ್ತಿರ ತಂದರು. ವಗರು ಹೋಗಿತ್ತು, ಒಣಹುಲ್ಲು ಬಂದಿತ್ತು. "ಬೆಲ್ಲ?" ಎಂದು ಕೇಳಿದರು. "ಇನ್ನೂ ಇಲ್ಲ" ಎಂದೆ. ಮುಚ್ಚಳ ಬಿಗಿಮಾಡಿ ಜಾಡಿಯನ್ನು ಮತ್ತೆ ಒಳಗಿಟ್ಟರು. ನಾನು ತಟ್ಟೆಯಲ್ಲಿ ಹದಕ್ಕೆ ಬಂದಿದ್ದ ಫ್ಲೇಕ್ ಪಟ್ಟಿಯನ್ನು ಮಡಿಸತೊಡಗಿದೆ.